ಅತ್ತೆ ಕಟ್ಟದೆ ಇಟ್ಟ ವಿಮಾನಗಳು

ಪ್ರೀತಿಯ ಅತ್ತೆಗೆ,

ಫೋನಿನಲ್ಲಿ ನಿಮ್ಮ ಜೊತೆ ವಾದ ಮಾಡಿ ಇದುವರೆಗೆ ಯಾರೂ ಗೆದ್ದಿಲ್ಲ. ಹೇಳಬೇಕಾದ್ದನ್ನು ಹೇಳಿ, "ಸರಿ, ಇಡ್ತೀನಿ" ಅಂದುಬಿಡುತ್ತೀರಿ. ಆಮೇಲೆ ನಾನು ಸುಮ್ಮನಾದ ಫೋನನ್ನು ಕಿವಿಗೆ ಹಿಡಿದುಕೊಂಡು ಉತ್ತರ ಹುಡುಕುತ್ತಾ ನಿಂತಿರಬೇಕು. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಪತ್ರಕ್ಕೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ನಿಮ್ಮ ಮಗಳು, ಅಂದರೆ ಅತ್ತಿಗೆ, ತಾನೇ ಓದಿ ಹೇಳುತ್ತೇನೆ ಅಂದರೆ ಬೇಡ ಅನ್ನಿ. ಬಲಗೈ ಕೈಕೊಟ್ಟಿರಬಹುದು, ಕಣ್ಣು ನೆಟ್ಟಗೇ ಇವೆಯಲ್ಲ.

ಮೊನ್ನೆ ನೀವು ಹೇಳಿದ್ದು ಇಷ್ಟೇ. "ಆ ಡಬ್ಬಗಳನ್ನೆಲ್ಲ ತಂದ ಅಂಗಡಿಯವರಿಗೇ ಕೊಟ್ಟುಬಿಡು. ಇನ್ನು ಅವನ್ನ ಇಟ್ಕೊಂಡು ಏನು ಮಾಡೋದು." ದನಿ ಎಂದಿನಂತೆ ಗಟ್ಟಿಯಾಗಿಯೇ ಇತ್ತು. ನನಗೆ ಚುಚ್ಚಿದ್ದು 'ಡಬ್ಬ' ಅನ್ನುವ ಮಾತು. ನೀವು ಯಾವತ್ತೂ ಅವನ್ನು ಡಬ್ಬ ಅಂದವರಲ್ಲ. ನಾನು ಬಾಯಿತಪ್ಪಿ ಹಾಗಂದಾಗಲೆಲ್ಲ ತಿದ್ದುತ್ತಿದ್ದವರು ನೀವು. ಅದು ವಿಮಾನ, ಇದು ಹಡಗು, ಆ ಮೂಲೆಯದ್ದು ಹಬೆಯಂತ್ರದ ರೈಲು, ನೋಡಿ ಕಾಲಿಡು ಅನ್ನುತ್ತಿದ್ದಿರಿ. ನಾನು ನೋಡಿದರೆ ಅಲ್ಲಿ ಬರೀ ರಟ್ಟು ಕಾಣುತ್ತಿತ್ತು.

ಮದುವೆಯಾಗಿ ನಾನು ಆ ಮನೆಗೆ ಬಂದ ಹೊಸತು ನೆನಪಿದೆಯೇ? ನನ್ನ ಸೂಟ್‌ಕೇಸ್ ಇಡಲು ಜಾಗ ಹುಡುಕುತ್ತಾ ಚಿಕ್ಕ ಕೋಣೆಯ ಬಾಗಿಲು ತಳ್ಳಿದೆ. ಅದು ಅರ್ಧಕ್ಕೇ ತೆರೆದು ನಿಂತಿತು. ಒಳಗೆ ನೆಲದಿಂದ ಕಿಟಕಿಯ ಮೇಲ್ಗಡೆಯವರೆಗೆ ಪೆಟ್ಟಿಗೆಗಳು, ಬಿಡಿಭಾಗ ಜೋಡಿಸಿ ಪುಟ್ಟ ಮಾದರಿ ಕಟ್ಟುವ ಕಿಟ್‌ಗಳು. ಮೋಡದೊಳಗೆ ನುಗ್ಗುವ ವಿಮಾನ, ಅಲೆಯ ಮೇಲೆ ವಾಲಿದ ಹಡಗು, ಹಳೆಯ ಕಾಲದ ಕಾರು, ಒಂದರ ಮೇಲೊಂದು ಮುಚ್ಚಳದ ಚಿತ್ರಗಳು. ಹೊಸ ರಟ್ಟಿನ ವಾಸನೆ, ಪ್ಲಾಸ್ಟಿಕ್ಕಿನ ವಾಸನೆ. ಕಿಟಕಿಯಿಂದ ಒಂದು ಗೆರೆಯಷ್ಟೇ ಬೆಳಕು. ಇದೆಲ್ಲ ನಿಮ್ಮ ಮಗನ ಹುಚ್ಚಿರಬೇಕು, ಮದುವೆಗೆ ಮುಂಚೆ ಬೇಕೆಂದೇ ಮುಚ್ಚಿಟ್ಟಿದ್ದಾರೆ ಅಂದುಕೊಂಡು ಹೋಗಿ ಕೇಳಿದೆ. ಅವರು ಪತ್ರಿಕೆಯಿಂದ ತಲೆ ಎತ್ತದೆ, "ನಂದಲ್ಲ, ಅಮ್ಮಂದು. ನಾನು ಆ ವಿಮಾನಗಳ ಮಧ್ಯೆ ಬಾಡಿಗೆಗೆ ಇರೋನು" ಅಂದರು.

ಅತ್ತೆಯಂದಿರ ಬಗ್ಗೆ ಎಷ್ಟೋ ಕೇಳಿಕೊಂಡು ಬಂದಿದ್ದೆ. ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ನಾನು ಔಷಧಿ ಅಂಗಡಿಯವಳು. ನನ್ನ ಲೆಕ್ಕದಲ್ಲಿ ಕಪಾಟಿನಲ್ಲಿರುವ ಮಾಲು ಹೊರಟು ಹೋಗಬೇಕು, ಹೋಗದಿದ್ದರೆ ಅವಧಿ ಮುಗಿಯುವ ಮೊದಲು ವಾಪಸ್ ಕಳಿಸಬೇಕು. ಕಟ್ಟದ ಕಿಟ್‌ಗಳು ಹಾಗೇ ಕೂತಿವೆ, ಒಳಗಿನ ಸ್ಟಿಕ್ಕರ್ ಹಳದಿಯಾಗುತ್ತಿವೆ, ಬಣ್ಣದ ಶೀಷೆಗಳು ಗಟ್ಟಿಯಾಗುತ್ತಿವೆ, ಅಂಥದ್ದರಲ್ಲಿ ನೀವು ಹೊಸದು ತರುತ್ತಲೇ ಇದ್ದೀರಿ. ಅದೂ ಕದ್ದು. ಕಟ್ಟುಹಲ್ಲು ಮಾಡುವ ಲ್ಯಾಬಿನ ಕೆಲಸದಿಂದ ಬರುವಾಗ ತರಕಾರಿ ಚೀಲದ ತಳಕ್ಕೆ ಪೆಟ್ಟಿಗೆ ಹಾಕಿ, ಮೇಲೆ ಸೊಪ್ಪು ಹರಡಿಕೊಂಡು ಬರುತ್ತಿದ್ದಿರಿ. ಆ ಸೊಪ್ಪು ಯಾವಾಗಲೂ ಚಪ್ಪಟೆಯಾಗಿರುತ್ತಿತ್ತು. ನಾನು ಏನೂ ಕೇಳದಿದ್ದರೂ ನೀವೇ "ಇದಾ, ಇದು ಹಳೇದು" ಅನ್ನುತ್ತಿದ್ದಿರಿ. ಬೆಲೆಯ ಚೀಟಿ ಮೇಲೆ ಮಿರಮಿರ ಮಿಂಚುತ್ತಿರುತ್ತಿತ್ತು.

ಮಾಡಲು ಬಾರದೆ ಇಟ್ಟುಕೊಂಡವರೂ ಅಲ್ಲ ನೀವು. ಊರಿನ ಅರ್ಧ ಮುದುಕರು ನಿಮ್ಮ ಕೈಯಿಂದ ಬಂದ ಹಲ್ಲಿನಲ್ಲೇ ನಗುತ್ತಿದ್ದರು. ಮೇಣ ಕೊರೆದು, ಅಚ್ಚು ಎರೆದು, ಒಂದೊಂದು ಹಲ್ಲಿಗೂ ಅದರದ್ದೇ ಬಿಳುಪು ಹುಡುಕುವ ಕೈ. ನಡುಮನೆಯ ಗಾಜಿನ ಕಪಾಟಿನಲ್ಲಿ ಇದ್ದ ಬೆರಳೆಣಿಕೆಯ ವಿಮಾನಗಳನ್ನು ಬಂದವರೆಲ್ಲ ನಿಂತು ನೋಡುತ್ತಿದ್ದರು. ಅವೆಲ್ಲ ನಿಮ್ಮ ಮಗ ಚಿಕ್ಕವರಿದ್ದಾಗ ನೀವು ಕಟ್ಟಿದವು. ಆಮೇಲೆ ಒಂದೂ ಇಲ್ಲ.

ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಟೀ ಕುಡಿದ ಮೇಲೆ ನೀವು ಒಂದು ಪೆಟ್ಟಿಗೆ ಆರಿಸಿಕೊಂಡು ಮಂಚದ ಮೇಲೆ ಕೂರುತ್ತಿದ್ದಿರಿ. ಮುಚ್ಚಳ ತೆಗೆಯುವಾಗ ಒಂದು ಸಣ್ಣ ಸದ್ದು ಬರುತ್ತಿತ್ತು, ಗಾಳಿ ಒಳಗೆಳೆದುಕೊಂಡ ಹಾಗೆ. ಬಿಡಿಭಾಗಗಳು ಅಂಟಿಕೊಂಡ ಪ್ಲಾಸ್ಟಿಕ್ ಚೌಕಟ್ಟುಗಳನ್ನು ಒಂದೊಂದಾಗಿ ಹೊರತೆಗೆದು ದೀಪಕ್ಕೆ ಹಿಡಿದು ನೋಡುತ್ತಿದ್ದಿರಿ. ರೆಕ್ಕೆ ಎಲ್ಲಿ, ಚಕ್ರ ಎಲ್ಲಿ, ಚಾಲಕ ಎಲ್ಲಿ. ಜೊತೆಗಿದ್ದ ವಿವರಣೆಯ ಹಾಳೆಯನ್ನು ಬೇರೆಯವರು ಕಾದಂಬರಿ ಓದುವ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಿ, ಮಧ್ಯೆ ಎಲ್ಲೋ ಒಂದು ಕಡೆ ನಗುತ್ತಿದ್ದಿರಿ. ಕೊನೆಗೆ ಎಲ್ಲವನ್ನೂ ಇದ್ದ ಹಾಗೇ ಒಳಗಿಟ್ಟು ಮುಚ್ಚಿಬಿಡುತ್ತಿದ್ದಿರಿ.

ಒಂದು ಸಲ ತಡೆಯಲಾರದೆ ಕೇಳಿದೆ, "ಅತ್ತೆ, ಇವನ್ನ ಯಾವಾಗ ಕಟ್ತೀರಾ?"

"ಕಟ್ಟಿದ್ರೆ ಅದು ಒಂದೇ ವಿಮಾನ ಆಗುತ್ತೆ ಕಣೇ. ಕಟ್ಟದೆ ಇದ್ರೆ ಇವತ್ತು ಹಸಿರು ಬಣ್ಣ ಹಾಕ್ಬಹುದು, ನಾಳೆ ಬೂದಿ ಬಣ್ಣ ಹಾಕ್ಬಹುದು."

ಇದೊಳ್ಳೆ ಕಥೆ ಅಂದುಕೊಂಡು ನಾನು ಅಡುಗೆಮನೆಗೆ ಹೋದೆ.

ನಮ್ಮಪ್ಪ ಬಿದ್ದಿದ್ದು ಆ ವರ್ಷವೇ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಜೀವಮಾನವಿಡೀ ಬಸ್ಸಿನ ಅಡಿಯಲ್ಲಿ ಮಲಗಿ ಎದ್ದ ಮನುಷ್ಯನಿಗೆ ಏನೂ ಆಗಿರಲಿಲ್ಲ. ನಿವೃತ್ತಿಯಾದ ಮೇಲೆ ತನ್ನದೇ ಕಟ್ಟಡದ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮೆಟ್ಟಿಲು ಹತ್ತುವ ಹಾಗಿಲ್ಲ ಅಂದರು ಡಾಕ್ಟರು. ಅಪ್ಪನ ಮನೆ ಇದ್ದದ್ದು ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿ. ಅಮ್ಮ ನಾನು ಶಾಲೆಯಲ್ಲಿದ್ದಾಗಲೇ ಹೋದವಳು. ಅಪ್ಪನನ್ನು ನೋಡಿಕೊಳ್ಳಲು ಇದ್ದದ್ದು ನಾನೊಬ್ಬಳೇ. ಊಟಕ್ಕೆ ಕೂತಾಗ ಆಸ್ಪತ್ರೆಯಿಂದ ಫೋನ್ ಬಂತು, ಯಾವಾಗ ಕರೆದುಕೊಂಡು ಹೋಗುತ್ತೀರಿ ಅಂತ. ನಾನು "ನೋಡಿ ಹೇಳ್ತೀನಿ" ಅಂದು ಇಟ್ಟೆ. ನಿಮ್ಮ ಮಗ ತಟ್ಟೆ ನೋಡುತ್ತಾ ಕೂತರು. ನಾವು ಮಲಗುವ ಕೋಣೆಗಳನ್ನು ಬಿಟ್ಟರೆ ಮನೆಯಲ್ಲಿ ಇದ್ದದ್ದು ಪೆಟ್ಟಿಗೆ ತುಂಬಿದ ಆ ಒಂದು ಕೋಣೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೀವು ಎದ್ದು ಕೈ ತೊಳೆದಿರಿ.

ಬೆಳಗ್ಗೆ ಏನನ್ನೋ ಎಳೆಯುವ ಸದ್ದಿಗೆ ಎಚ್ಚರವಾಯಿತು. ನೋಡಿದರೆ ತಲೆಗೆ ಟವೆಲ್ ಸುತ್ತಿಕೊಂಡು ನೀವು ಕೋಣೆ ಖಾಲಿ ಮಾಡುತ್ತಿದ್ದೀರಿ. ಮಂಚಗಳ ಕೆಳಗೆ, ಬೀರುಗಳ ಮೇಲೆ, ಸೋಫಾದ ಹಿಂದೆ, ಸ್ನಾನದ ಮನೆಯ ಅಟ್ಟದಲ್ಲಿ, ಎಲ್ಲಿ ನೋಡಿದರೂ ಪೆಟ್ಟಿಗೆ. ನಿಮ್ಮ ಮಗ ಕೆಲಸಕ್ಕೆ ಹೊರಡುವಾಗ ಶೂ ಗೂಡು ತೆರೆದರು, ಒಳಗೆ ಯುದ್ಧನೌಕೆ. ಶೂ ಎಲ್ಲಿ ಅಂತ ಕೇಳಿದ್ದಕ್ಕೆ ಫ್ರಿಜ್ಜಿನ ಹಿಂದೆ ನೋಡು ಅಂದಿರಿ.

ನಾನು ಹತ್ತಿರ ಬಂದೆ. "ಅತ್ತೆ, ಇಷ್ಟೆಲ್ಲ ನೀವೊಬ್ರೇ ಯಾಕೆ..." ಅಂದೆ. ನೀವು ತಿರುಗಿಯೂ ನೋಡದೆ, "ವಿಮಾನ ಎಲ್ಲಿ ಬೇಕಾದ್ರೂ ಇಳಿಯುತ್ತೆ. ನಿಮ್ಮಪ್ಪ ಇಳಿಯೋಕೆ ಮಂಚ ಬೇಕಲ್ಲ. ಆ ಕಡೆ ಹಿಡ್ಕೋ" ಅಂದಿರಿ. ಧನ್ಯವಾದ ಹೇಳುವಷ್ಟು ಜಾಗ ಕೂಡ ನೀವು ಬಿಡಲಿಲ್ಲ.

ಅಪ್ಪ ಬಂದರು. ಬಂದವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. "ಬೀಗರ ಮನೇಲಿ ಹೀಗೆ ಬಿದ್ಕೊಂಡಿರೋ ಗತಿ ಬಂತಲ್ಲ" ಅಂತ ಒಂದೇ ಕೊರಗು. ನಾನು ಊಟ ತಂದರೆ ಹಸಿವಿಲ್ಲ, ಮಾತಾಡಿಸಿದರೆ ನಿದ್ದೆ. ಚಿಕ್ಕಂದಿನಲ್ಲಿ ಎರಡೆರಡು ಪಾಳಿ ದುಡಿದು ಬಂದೂ ನನ್ನ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದ ಅಪ್ಪ, ಈಗ ನೀರು ಕೇಳಲೂ ಸಂಕೋಚಪಡುವುದನ್ನು ನೋಡಲಾಗುತ್ತಿರಲಿಲ್ಲ. ನೀವು ಕೆಲವು ದಿನ ಅವರನ್ನು ಅವರ ಪಾಡಿಗೆ ಬಿಟ್ಟಿರಿ. ಆಮೇಲೆ ಒಂದು ಮಧ್ಯಾಹ್ನ ಒಳಗೆ ಹೋಗಿ, ಅವರ ತೊಡೆಯ ಮೇಲೆ ಒಂದು ಪೆಟ್ಟಿಗೆ ಇಟ್ಟಿರಿ.

"ಬೀಗರೇ, ಗೋಡೆ ನೋಡಿದ್ದು ಸಾಕು, ಇದನ್ನ ನೋಡಿ."

"ಏನಿದು, ಮಕ್ಕಳು ಆಡೋ ಸಾಮಾನಾ?"

"ಹೌದು. ಕೈಲಾಗದಿದ್ರೆ ಬಿಡಿ, ಒತ್ತಾಯ ಏನಿಲ್ಲ."

ಬಸ್ಸಿನ ಇಂಜಿನ್ನನ್ನೇ ಬಿಚ್ಚಿ ಜೋಡಿಸಿದವರಿಗೆ ಕೈಲಾಗದಿದ್ದರೆ ಅಂದಿರಿ ನೀವು. ಅಪ್ಪ ಅಂದೇ ಎದ್ದು ಕೂತರು. ವಿವರಣೆಯ ಹಾಳೆಯನ್ನು ಮೊದಲು ಮಡಿಸಿ ದಿಂಬಿನ ಕೆಳಗೆ ಹಾಕಿಕೊಂಡರು. "ವಿಮಾನ ಹೇಗಿರುತ್ತೆ ಅಂತ ನಂಗೆ ಗೊತ್ತಿಲ್ವಾ" ಅಂದರು. ಸಂಜೆ ಹೊತ್ತಿಗೆ ಕಟ್ಟಿ ಮುಗಿಸಿ, ಬೆರಳಿಗೆಲ್ಲ ಅಂಟು ಮೆತ್ತಿಕೊಂಡು, ನಿಮ್ಮನ್ನು ಕರೆಸಿದರು. ರೆಕ್ಕೆಗಳು ಬುಡಮೇಲಾಗಿದ್ದವು. ಚಕ್ರ ಆಕಾಶ ನೋಡುತ್ತಿತ್ತು. ಹಾಸಿಗೆಯ ಮೇಲೆ ಒಂದು ಹಿಡಿ ಭಾಗಗಳು ಉಳಿದಿದ್ದವು. ಅವೇನು ಅಂದದ್ದಕ್ಕೆ ಅಪ್ಪ ಗಂಭೀರವಾಗಿ, "ಸ್ಪೇರು. ಕಂಪನಿಯವ್ರು ಜಾಸ್ತಿ ಕೊಟ್ಟಿರ್ತಾರೆ" ಅಂದರು.

ಅಡುಗೆಮನೆಯಲ್ಲಿದ್ದ ನಾನು ಯಾರೋ ಅಳುತ್ತಿದ್ದಾರೆ ಅಂದುಕೊಂಡು ಓಡಿ ಬಂದೆ. ನೀವು ಮಂಚದ ತುದಿಯಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಿರಿ. ಮದುವೆಯಾಗಿ ಬಂದ ಮೇಲೆ ನೀವು ದನಿ ತೆಗೆದು ನಕ್ಕಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಪ್ಪ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ವಿಮಾನವನ್ನು ತಿರುಗಿಸಿ ನೋಡಿದರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ.

ಆ ದಿನಗಳನ್ನು ಈಗ ನೆನೆದರೆ ಮನೆ ತುಂಬಾ ಒಂದೇ ಸದ್ದು ಕೇಳಿಸುತ್ತದೆ ಅತ್ತೆ, ಪ್ಲಾಸ್ಟಿಕ್ಕಿನ ಅಂಚಿಗೆ ಉಪ್ಪುಕಾಗದ ಉಜ್ಜುವ ಸದ್ದು. ನೀವು ಲ್ಯಾಬಿನಿಂದ ಬರುವುದನ್ನೇ ಅಪ್ಪ ಕಾಯುತ್ತಿದ್ದರು. ಕಿಟಕಿ ಪಕ್ಕ ಎರಡು ಕುರ್ಚಿ, ನಡುವೆ ಒಂದು ಸ್ಟೂಲು. ನೀವು ಚಿಮಟದಲ್ಲಿ ಹಿಡಿಯುವುದನ್ನು ಕಲಿಸುತ್ತಿದ್ದಿರಿ. ಅಪ್ಪನ ದಪ್ಪ ಬೆರಳುಗಳ ನಡುವೆ ಚಿಮಟ ಕೂದಲಿನಷ್ಟು ಕಾಣುತ್ತಿತ್ತು. "ಇದೇನ್ರೀ, ಇಷ್ಟು ಸಣ್ಣ ಸ್ಟೇರಿಂಗು, ಇದನ್ನ ಯಾರು ತಿರುಗಿಸ್ತಾರೆ" ಅಂತ ಗೊಣಗುತ್ತಿದ್ದರು. ಗೊಣಗುತ್ತಲೇ ಅದನ್ನು ಜಾಗಕ್ಕೆ ಕೂರಿಸುತ್ತಿದ್ದರು. ತಟ್ಟೆಯಲ್ಲಿ ಅನ್ನ ಉಳಿಸುವುದು ನಿಂತಿತು.

ಒಂದು ದಿನ ನೀವು ನನ್ನ ಅಂಗಡಿಗೇ ಬಂದು, ಗಿರಾಕಿಗಳೆಲ್ಲ ಹೋಗುವ ತನಕ ಕಾದಿರಿ. ಮೈ ಹುಷಾರಿಲ್ಲವೇನೋ ಅಂದುಕೊಂಡೆ. ಕೌಂಟರಿನ ಮೇಲೆ ಬಗ್ಗಿ ದನಿ ತಗ್ಗಿಸಿ, "ನಿಮ್ಮಪ್ಪ ಮುಗಿಸಿಬಿಡ್ತಾರೆ ಕಣೇ" ಅಂದಿರಿ. ಏನನ್ನು ಅಂದೆ. "ಎಲ್ಲವನ್ನೂ. ಒಂದು ಕೊಟ್ರೆ ಮುಗಿಸಿ ಇನ್ನೊಂದು ಕೊಡಿ ಅಂತಾರೆ. ಹೀಗಾದ್ರೆ ಉಳಿಯೋದೇನು?" ನಿಮ್ಮ ಮುಖದಲ್ಲಿ ನಿಜವಾದ ಗಾಬರಿ ಇತ್ತು. ವಾಪಸ್ ಹೋಗುವಾಗ ಬಸ್ ನಿಲ್ದಾಣದ ಹಿಂದಿನ ಕಿಟ್ ಅಂಗಡಿಗೆ ಹೋಗಿ ಇನ್ನೆರಡು ತಂದಿರಿ. ಆವತ್ತು ರಾಶಿಯನ್ನು ನೋಡಿ ನಿಮ್ಮ ಮಗ, "ಒಬ್ರು ಖಾಲಿ ಮಾಡ್ತಾರೆ, ಒಬ್ರು ತುಂಬಿಸ್ತಾರೆ. ನನ್ನ ಶೂಗೆ ಯಾವಾಗ ಬಿಡುಗಡೆ?" ಅಂದಿದ್ದರು.

ನನಗೆ ನಗು ಬಂತು, ಅರ್ಥವಾಗಲಿಲ್ಲ. ಅರ್ಥವಾದದ್ದು ಅಪ್ಪ ನಿಮ್ಮನ್ನು ನೇರವಾಗಿ ಕೇಳಿದ ದಿನ. ನಾನು ನಡುಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ನೀವಿಬ್ಬರೂ ಕಿಟಕಿ ಪಕ್ಕ ಕೂತಿದ್ದಿರಿ. ಅಪ್ಪ ಯಾವುದೋ ಹಳೆಯ ಪೆಟ್ಟಿಗೆಯ ಧೂಳು ಒರೆಸುತ್ತಾ, "ಬೀಗರೇ, ಕೇಳ್ತೀನಿ ಅಂತ ತಪ್ಪು ತಿಳ್ಕೋಬೇಡಿ. ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಕಟ್ಟಿ ಮುಗಿಸೋಕಾಗದಷ್ಟು ಯಾಕೆ ತಂದ್ರಿ?" ಅಂದರು. ನಾನು ಎಷ್ಟೋ ಸಲ ಕೇಳಬೇಕೆಂದು ಕೇಳದೆ ನುಂಗಿದ ಮಾತು ಅದು.

ನೀವು ಬ್ರಶ್ ತೊಳೆದು, ಬಟ್ಟೆಗೆ ಒರೆಸಿ, ನಿಧಾನಕ್ಕೆ ಹೇಳಿದಿರಿ. ಆ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ನಮ್ಮನೆಯವರಿಗೆ ಉಸಿರಿನ ಕಾಯಿಲೆ ಬಂತಲ್ಲ. ಅಂಟಿನ ಮುಚ್ಚಳ ತೆಗೆದ್ರೆ ಸಾಕು, ಆಚೆ ರೂಮಿಂದ ಕೆಮ್ಮು ಶುರು. ಕಿಟಕಿ ತೆಗೆದು ನೋಡ್ದೆ, ಬಾಲ್ಕನೀಲಿ ಕೂತು ನೋಡ್ದೆ. ಆಗ್ಲಿಲ್ಲ. ಕಟ್ಟೋದು ಬಿಟ್ಬಿಟ್ಟೆ."

"ಮತ್ತೆ ತರೋದು?"

"ಆಸ್ಪತ್ರೆಯಿಂದ ಬಸ್ಸಿಗೆ ಬರೋ ದಾರೀಲೇ ಅಂಗಡಿ. ಅವರ ರಿಪೋರ್ಟು ತೋರಿಸೋಕೆ ನಾನು ಹೋದಾಗ ಪ್ರತಿ ಸಲ ಡಾಕ್ಟ್ರು ಏನಾದ್ರೂ ಒಂದು ಹೇಳಿರ್ತಿದ್ರು. ಅದನ್ನ ಹೊತ್ಕೊಂಡು ನೇರ ಮನೆಗೆ ಬರೋಕೆ ಕಾಲೇ ಬರ್ತಿರ್ಲಿಲ್ಲ. ಒಳಗೆ ಹೋಗಿ ಒಂದು ತಗೊಳ್ತಿದ್ದೆ. ಮನೆಗೆ ತಂದು ಅವರಿಗೆ ತೋರಿಸ್ತಿದ್ದೆ, ನಿಮಗೆ ವಾಸಿಯಾದ್ಮೇಲೆ ಕಟ್ತೀನಿ ಅಂತಿದ್ದೆ. ಅವರು ಮುಚ್ಚಳದ ಚಿತ್ರ ನೋಡಿ, ಇದಕ್ಕೆ ನೀಲಿ ಹಾಕು, ಅದಕ್ಕೆ ಕೆಂಪು ಪಟ್ಟಿ ಹಾಕು ಅಂತಿದ್ರು. ಗಂಟೆಗಟ್ಟಲೆ ಅದೇ ಮಾತು. ಕಾಯಿಲೆ ಮಾತು ಬಿಟ್ಟು ಬೇರೆ ಮಾತಾಡೋಕೆ ನಮಗೆ ಇದ್ದದ್ದು ಅದೊಂದೇ. ವಾಸಿಯಾಗಲ್ಲ ಅಂತ ನಂಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದ್ರೆ ನಾನು ತರೋದು ನಿಲ್ಲಿಸಿಬಿಟ್ರೆ, ನಂಗೆ ಗೊತ್ತು ಅನ್ನೋದು ಅವರಿಗೆ ಗೊತ್ತಾಗಿಬಿಡುತ್ತಲ್ಲ. ಅದಕ್ಕೇ ತರ್ತಾನೇ ಇದ್ದೆ."

ನನ್ನ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲೇ ನಿಂತಿತು. ಮಾವನವರನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದವಳು. ಆ ಕ್ಷಣ ಅವರು ದಿಂಬಿಗೆ ಒರಗಿಕೊಂಡು, ಉಸಿರು ಎಳೆದುಕೊಳ್ಳುತ್ತಾ, ಮುಚ್ಚಳದ ಮೇಲೆ ಬೆರಳಿಟ್ಟು ಇಲ್ಲಿ ನೀಲಿ ಅನ್ನುವುದು ಕಣ್ಣಿಗೆ ಕಟ್ಟಿದಂತಾಯಿತು.

ಅಪ್ಪ ಧೂಳು ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. ಅವರಿಗೂ ಹೆಂಡತಿಯ ಹಾಸಿಗೆಯ ಪಕ್ಕ ಕೂತು ಗೊತ್ತಿತ್ತಲ್ಲ. ಆಮೇಲೆ ಮೆಲ್ಲಗೆ, "ಅವರು ಹೋದ್ಮೇಲೆ ತಂದವು?" ಅಂದರು.

"ಅವು ಚೆನ್ನಾಗಿದ್ವು ಅಂತ ತಂದೆ. ಎಲ್ಲದಕ್ಕೂ ಕಥೆ ಇರ್ಬೇಕಾ? ಮಾಡೋಕೆ ಇನ್ನೂ ಇದೆ ಅಂದ್ರೆ ಮನಸ್ಸಿಗೆ ಒಂಥರಾ ಹಿತ. ಅಷ್ಟೇ" ಅಂದು, "ಆ ಚಕ್ರ ಒಣಗೋ ಮುಂಚೆ ನೇರ ಮಾಡಿ" ಅಂತ ಗದರಿದಿರಿ.

ಅದಾದ ಮೇಲೆ ಅಪ್ಪ ಯಾವ ಪೆಟ್ಟಿಗೆ ಮುಟ್ಟುವ ಮೊದಲೂ, "ಇದು ಯಾವ ಕಾಲದ್ದು?" ಅಂತ ಕೇಳಲು ಶುರು ಮಾಡಿದ್ದನ್ನು ನೀವು ಗಮನಿಸಿದಿರೋ ಇಲ್ಲವೋ. ಮಾವನವರಿದ್ದಾಗಿನದ್ದು ಅಂದರೆ ವಾಪಸ್ ಇಟ್ಟುಬಿಡುತ್ತಿದ್ದರು. ಕೊನೆಗೆ ನೀವೇ ಅಟ್ಟದಿಂದ ಒಂದನ್ನು ಇಳಿಸಿ ತಂದಿರಿ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ. "ಇದಕ್ಕೆ ನೀಲಿ ಅಂದಿದ್ರು" ಅಂದಿರಿ. ಅದೊಂದನ್ನು ನೀವಿಬ್ಬರೂ ಎಷ್ಟು ನಿಧಾನವಾಗಿ ಕಟ್ಟಿದಿರಿ ಅಂದರೆ, ಯಾವಾಗಲೂ ಅವಸರ ಮಾಡುವ ಅಪ್ಪ ಕೂಡ ಒಂದು ದಿನವೂ ಮುಗೀತಾ ಅನ್ನಲಿಲ್ಲ. ನೀಲಿ ಬಳಿದು ಒಣಗಲು ಇಟ್ಟ ಸಂಜೆ ನಿಮ್ಮ ಮಗ ಅದರ ಎದುರು ಕೂತು, ತಮ್ಮ ಅಪ್ಪನ ಬಗ್ಗೆ ನನಗೆ ಅದುವರೆಗೆ ಹೇಳದ ಎಷ್ಟೋ ಸಂಗತಿ ಹೇಳಿದರು.

ಅಪ್ಪನ ಸೊಂಟ ಗುಣವಾಯಿತು. ಕೋಲು ಹಿಡಿದು ನಡೆಯತೊಡಗಿದರು. ನೆಲಮಹಡಿಯಲ್ಲಿ ಒಂದು ಬಾಡಿಗೆ ಕೋಣೆ ನೋಡಿಕೊಂಡು ಹೋಗುತ್ತೇನೆ ಅಂತ ಬಟ್ಟೆ ಜೋಡಿಸಿದಾಗ ನೀವು ಬಾಗಿಲಲ್ಲಿ ನಿಂತು, "ಇಲ್ಲಿ ಇಷ್ಟೊಂದು ಬಾಕಿ ಇಟ್ಕೊಂಡು ಎಲ್ಲಿಗೆ ಹೊರಟ್ರಿ?" ಅಂದಿರಿ. ಅಪ್ಪ ಬ್ಯಾಗಿನ ಜಿಪ್ಪನ್ನು ಎಳೆದರು, ಮತ್ತೆ ಬಿಚ್ಚಿದರು. ಆ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಇಷ್ಟೆಲ್ಲ ನಿಮಗೆ ಗೊತ್ತಿರುವುದೇ. ಆದರೂ ಬರೆದೆ. ನೀವು 'ಡಬ್ಬ' ಅಂದ ಮೇಲೆ ಯಾರಾದರೂ ಇದನ್ನು ನಿಮಗೆ ಹೇಳಬೇಕಿತ್ತು.

ಸಿಂಕಿನ ಹತ್ತಿರ ನಿಮ್ಮ ಕೈಯಿಂದ ಬ್ರಶ್ ಬಿದ್ದ ಆ ಬೆಳಗಿನ ಮಾತು ನಾನು ಹೆಚ್ಚು ಬರೆಯುವುದಿಲ್ಲ. "ಬ್ರಶ್ ಹಿಡಿಯೋಕೆ ಆಗ್ತಿಲ್ಲ ಕಣೇ" ಅಂತ ನೀವು ಸಮಾಧಾನದಲ್ಲಿ ಹೇಳಿದ್ದಷ್ಟೇ ಸಾಕು. ಪಾರ್ಶ್ವವಾಯುವಿನ ಔಷಧಿಯನ್ನು ಎಷ್ಟೋ ಮನೆಯವರಿಗೆ ಧೈರ್ಯ ಹೇಳಿ ಕೊಟ್ಟವಳು ನಾನು, ಅಂದು ಚೀಟಿಯ ಮೇಲಿನ ಅಕ್ಷರ ಓದಲಾಗದೆ ನಿಂತೆ. ಅತ್ತಿಗೆಯ ಮನೆಯ ಹತ್ತಿರ ವ್ಯಾಯಾಮ ಮಾಡಿಸುವ ಒಳ್ಳೆಯ ಜಾಗ ಇದೆ ಅಂತ ನಿಮ್ಮನ್ನು ಕಳಿಸಿದೆವು. ಅಲ್ಲಿ ಚಮಚ ಹಿಡಿಯಲು ನೀವು ಪಡುವ ಪಾಡನ್ನು ಅತ್ತಿಗೆ ಹೇಳುತ್ತಿರುತ್ತಾರೆ. ಹಲ್ಲು ಕೊರೆದ ಕೈಗೆ ಚಮಚ ಭಾರವಾದಾಗ ನಿಮಗೇನು ಅನಿಸುತ್ತದೋ, ನನಗೆ ಗೊತ್ತು ಅನ್ನಲಾರೆ.

ಈಗ ನೀವು ಹೇಳಿದ ಕೆಲಸದ ವಿಷಯಕ್ಕೆ ಬರುತ್ತೇನೆ. ಹೇಳಿದ ಹಾಗೆ ಅಂಗಡಿಯವರನ್ನು ಕರೆಸಿದೆ. ಭಾನುವಾರ ವ್ಯಾನ್ ತಂದರು. ಕನ್ನಡಕವನ್ನು ಹಣೆಗೇರಿಸಿಕೊಂಡು ನೀವು ಮಲಗುವ ಕೋಣೆಯ ಬಾಗಿಲಲ್ಲಿ ನಿಂತವರು, ಯಾರದೋ ಮನೆಗೆ ಬಂದ ನೆಂಟರನ್ನು ಗುರುತು ಹಿಡಿಯುವ ಹಾಗೆ ಒಂದೊಂದೇ ಪೆಟ್ಟಿಗೆಯನ್ನು ನೋಡಿ ತಲೆಯಾಡಿಸಿದರು. ಆಮೇಲೆ ನೆಲದ ಮೇಲೇ ಕೂತುಬಿಟ್ಟರು. ಯಾಕೆ ಕೊಡುತ್ತಿದ್ದೀರಿ ಅಂತ ಕೇಳಿದರು. ಅತ್ತೆಯ ಕೈ ಸ್ವಾಧೀನದಲ್ಲಿಲ್ಲ, ಇನ್ನು ಕಟ್ಟಲು ಆಗುವುದಿಲ್ಲವಂತೆ ಅಂದೆ.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅಮ್ಮ, ನನ್ನ ಗಿರಾಕಿಗಳಲ್ಲಿ ಅರ್ಧ ಜನರಿಗೆ ಎರಡೂ ಕೈ ಚೆನ್ನಾಗಿವೆ. ಅವರೂ ಕಟ್ಟಲ್ಲ. ಕಟ್ಟೋದಕ್ಕೇ ಕೈ ಬೇಕು, ಇಟ್ಕೊಳ್ಳೋದಕ್ಕೆ ಏನು ಬೇಕು? ನನ್ನ ಮನೆಗೆ ಬಂದು ನೋಡಿ. ಹೆಂಡ್ತಿ ಒಂದು ಕೋಣೆಗೆ ಕಾಲಿಡೋದೇ ಬಿಟ್ಟಿದಾಳೆ."

ಅಷ್ಟರಲ್ಲಿ ಅಪ್ಪ ಕೋಲೂರಿಕೊಂಡು ಬಂದರು. ನಾನು ಅವರಿಗೆ ವಿಷಯ ಹೇಳಿರಲಿಲ್ಲ, ವ್ಯಾನ್ ನೋಡಿಯೇ ಗೊತ್ತಾಗಿತ್ತು. ಬಾಗಿಲಿಗೆ ಅಡ್ಡವಾಗಿ ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. "ಅಪ್ಪ, ಅತ್ತೆಯೇ ಹೇಳಿದ್ದು" ಅಂದೆ ನಾನು. "ಹೇಳ್ಲಿ. ನಾನು ಬಂದ ದಿನ ನಂಗೂ ಬದುಕೇ ಬೇಡ ಅನ್ನಿಸಿತ್ತು. ಅವರು ನನ್ನ ಮಾತು ಕೇಳಿದ್ರಾ?" ಅಂದರು. ಅಂಗಡಿಯವರು ನನ್ನ ಮುಖ ನೋಡಿದರು. ನಾನು ಅವರಿಗೆ ಇನ್ನೊಂದು ಲೋಟ ಟೀ ಮಾಡಿಕೊಟ್ಟೆ.

ಕೊನೆಗೆ ವ್ಯಾನಿನಲ್ಲಿ ಹೋದದ್ದು ಒಂದು ಚೀಲದಷ್ಟು. ಅದೂ ನೀವು ಮರೆತು ಎರಡೆರಡು ಸಲ ತಂದವು ಮಾತ್ರ. ಒಂದು ಹಡಗನ್ನು ಮೂರು ಸಲ ತಂದಿದ್ದೀರಿ ಅತ್ತೆ, ಅದಕ್ಕೆ ಉತ್ತರ ನೀವೇ ಕೊಡಬೇಕು. ಉಳಿದದ್ದು ಇದ್ದಲ್ಲೇ ಇದೆ. ನಿಮ್ಮ ಮಾತನ್ನು ನಾನು ಮೀರಿದ್ದು ಇದೇ ಮೊದಲು, ಸಿಟ್ಟು ಬಂದರೆ ಬರಲಿ. ಕೈ ಪೂರ್ತಿ ವಾಪಸ್ ಬರದಿದ್ದರೂ ಸಂಜೆ ಮುಚ್ಚಳ ತೆಗೆದುಕೊಡಲು ನಾನಿದ್ದೇನೆ. ಚೌಕಟ್ಟನ್ನು ದೀಪಕ್ಕೆ ಹಿಡಿಯುತ್ತೇನೆ, ನೀವು ನೋಡಿ. ಹಾಳೆ ತಿರುವುತ್ತೇನೆ, ನೀವು ಓದಿ.

ಅಂಗಡಿಯವರು ಹೊರಡುವಾಗ ಅಪ್ಪ ಅವರನ್ನು ಬೀದಿಯ ತನಕ ಬಿಟ್ಟು ಬರಲು ಹೋದರು, ಬಹಳ ಹೊತ್ತು ಏನೋ ಪಿಸುಗುಟ್ಟಿದರು. ಮರುದಿನ ಪುಟ್ಟದೊಂದು ವೈಸ್ ಬಂತು, ಇನ್ನೊಂದು ಕೈಯ ಬದಲು ಬಿಡಿಭಾಗಗಳನ್ನು ಕಚ್ಚಿ ಹಿಡಿಯುವುದಕ್ಕೆ. ಡಿಪೋದಲ್ಲಿ ಇರುವುದರ ಮರಿ. ಅದನ್ನು ಸ್ಟೂಲಿಗೆ ಕೂರಿಸಿದರೆ ಅಲ್ಲಾಡುತ್ತದೆ ಅಂತ, ನಾನು ಅಂಗಡಿಗೆ ಹೋದ ಸಮಯ ನೋಡಿ ಊಟದ ಮೇಜಿಗೇ ತೂತು ಕೊರೆದು ಬೋಲ್ಟ್ ಹಾಕಿದ್ದಾರೆ. ಈಗ ತಟ್ಟೆ ಇಡುವಾಗಲೆಲ್ಲ ನಾವು ಅದನ್ನು ಸುತ್ತು ಹಾಕಿಕೊಂಡು ಇಡಬೇಕು.

ಇನ್ನೊಂದು ವಿಷಯ. ಇದನ್ನು ನಿಮಗೆ ಹೇಳಬೇಡ ಅಂದಿದ್ದಾರೆ. ನಾಲ್ಕಾರು ದಿನದಿಂದ ಅಪ್ಪ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು, ಬರೀ ಎಡಗೈಯಲ್ಲಿ ಒಂದು ಲಾರಿ ಕಟ್ಟುತ್ತಿದ್ದಾರೆ. ಕೈಗೆ ಏನಾದರೂ ಆಯಿತೇನೋ ಅಂತ ನಾನು ಹೆದರಿ ಕೇಳಿದೆ. ಏನೂ ಇಲ್ಲ, ಎಡಗೈಲಿ ಯಾವುದು ಆಗುತ್ತೆ, ಯಾವುದು ಆಗಲ್ಲ ನೋಡ್ತಿದ್ದೀನಿ ಅಂದರು. ಲಾರಿಯ ಒಂದು ಬಾಗಿಲು ಮೇಲಿದೆ, ಒಂದು ಕೆಳಗಿದೆ. ಅಂಟು ಕಿಟಕಿಯ ತುಂಬಾ ಮೆತ್ತಿಕೊಂಡಿದೆ. ಅಷ್ಟು ವಿಕಾರವಾದದ್ದನ್ನು ಈ ಮನೆಯಲ್ಲಿ ಇದುವರೆಗೆ ಯಾರೂ ಕಟ್ಟಿಲ್ಲ, ಬಿಚ್ಚಿ ಸರಿ ಮಾಡಿಬಿಡಿ ಅಪ್ಪ ಅಂದೆ.

ಅಪ್ಪ ಅದನ್ನು ಎತ್ತಿ ನಡುಮನೆಯ ಗಾಜಿನ ಕಪಾಟಿನಲ್ಲಿ, ಎಲ್ಲಕ್ಕಿಂತ ಮುಂದೆ ಇಟ್ಟರು. "ಇರ್ಲಿ ಬಿಡು. ಅವರು ಬಂದು ಎಡಗೈಲಿ ಮೊದಲನೇದು ಕಟ್ತಾರಲ್ಲ, ಅದು ಈ ಮನೇಲಿ ಎಲ್ಲಕ್ಕಿಂತ ಕೆಟ್ಟದ್ದು ಆಗ್ಬಾರ್ದು" ಅಂದರು.

ವ್ಯಾಯಾಮ ತಪ್ಪಿಸಬೇಡಿ, ಮಾತ್ರೆ ಮರೆಯಬೇಡಿ. ನಿಮ್ಮ ಉಸಿರು, ನಿಮ್ಮ ನಗು, ನಿಮ್ಮ ಗದರಿಕೆ ಎಲ್ಲ ಗಟ್ಟಿಯಾಗಿರಲಿ. ಹಾಳಾದ ಮೇಜನ್ನು ನೋಡಿ ಅಪ್ಪನನ್ನು ಬೈಯುವುದಕ್ಕಾದರೂ ಬೇಗ ಹೊರಟು ಬನ್ನಿ.

ನಿಮ್ಮ ದಾರಿ ನೋಡುತ್ತಿರುವ,
ನಿಮ್ಮ ಸೊಸೆ